ತುಮಕೂರಿನಿಂದ ಜರ್ಮನಿಗೆ: ಸಾಫ್ಟ್‌ವೇರ್ ಕೆಲಸ ಹುಡುಕಿಕೊಂಡು ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಮೂರು ನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಈಗ ಹೊರದೇಶದ ಕಡೆ ನೋಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಿನಾ ಬೆಳಗ್ಗೆ ರೈಲು ಹಿಡಿದು ಯಶವಂತಪುರಕ್ಕೆ ಹೋಗಿ ಬರುವವರಿರಲಿ, ಪಿಜಿಯಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುವವರಿರಲಿ, ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ವೀಸಾ ಹೇಗೆ ಸಿಗುತ್ತೆ?

ಮೊದಲು ಕೆಲಸ, ಆಮೇಲೆ ವೀಸಾ. ಒಳ್ಳೆಯ ಆಫರ್ ಕೈಯಲ್ಲಿದ್ದರೆ ವೀಸಾ ಬಹುಮಟ್ಟಿಗೆ ಕಾಗದಪತ್ರ ಜೋಡಿಸುವ ಕೆಲಸ. ಆಫರ್ ಇಲ್ಲದೆ ವೀಸಾದ ಹಿಂದೆ ಓಡಿದವರೇ ಏಜೆಂಟರ ಕೈಗೆ ಸಿಕ್ಕಿ ಲಕ್ಷಗಟ್ಟಲೆ ಕಳೆದುಕೊಳ್ಳುತ್ತಾರೆ. ಕೆಲಸ ಹುಡುಕುವುದನ್ನು ಮಾತ್ರ ತುಮಕೂರಿನ ನಿಮ್ಮ ಮನೆಯಲ್ಲೇ ಕೂತು, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು, ಯಾರಿಗೂ ದುಡ್ಡು ಕೊಡದೆ ಮಾಡಬಹುದು. ಮುಂದೆ ಹೇಳುವುದೆಲ್ಲ ಆ ಕ್ರಮದಲ್ಲೇ ಇದೆ.

ಜರ್ಮನಿಯೇ ಯಾಕೆ

ಅಮೆರಿಕದ ಎಚ್-1ಬಿ ವೀಸಾ ಲಾಟರಿ. ವರ್ಷಕ್ಕೆ 85,000 ಮಾತ್ರ. ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ಅಂತ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂದ ಮೇಲೆ ಆ ದಾರಿ ಇನ್ನೂ ಕಿರಿದಾಯಿತು. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿಯನ್ನು 2025ರ ಜುಲೈ 22ರಿಂದ ವರ್ಷಕ್ಕೆ 41,700 ಪೌಂಡ್‌ಗೆ ಏರಿಸಿದರು. ಅಂಕಗಳ ಮೇಲೆ ಶಾಶ್ವತ ವಾಸಕ್ಕೆ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೆಲಸದ ಆಫರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಅಂಕ 2025ರ ಮಾರ್ಚ್‌ನಲ್ಲಿ ಹೋಯಿತು. ನೆದರ್ಲ್ಯಾಂಡ್ಸ್ ಒಳ್ಳೆಯ ಎರಡನೇ ಆಯ್ಕೆ. ಅಲ್ಲಿ ಹೊರಗಿನವರನ್ನು ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಆಗಿ ಕರೆಸಿಕೊಳ್ಳಲು ಅನುಮತಿ ಇರುವ ಕಂಪನಿಗಳ ಪಟ್ಟಿಯನ್ನು ಅಲ್ಲಿನ ವಲಸೆ ಇಲಾಖೆಯೇ ತನ್ನ ತಾಣದಲ್ಲಿ ಹಾಕಿದೆ. ಆ ಪಟ್ಟಿಯಲ್ಲಿ ಇಲ್ಲದ ಕಂಪನಿಗೆ ಅರ್ಜಿ ಹಾಕಿ ಸುಮ್ನೆ ಸಮಯ ಕಳೆಯಬೇಕಾಗಿಲ್ಲ.

ಜರ್ಮನಿಯಲ್ಲಿ ಲಾಟರಿ ಇಲ್ಲ. ಪದವಿ, ಕನಿಷ್ಠ ಆರು ತಿಂಗಳ ಕೆಲಸದ ಒಪ್ಪಂದ, ನಿಗದಿತ ಸಂಬಳ, ಈ ಮೂರೂ ಇದ್ದರೆ ಇಯು ಬ್ಲೂ ಕಾರ್ಡ್‌ಗೆ, ಅಂದರೆ ಹೊರದೇಶದ ನುರಿತ ಕೆಲಸಗಾರರಿಗೆ ಅಲ್ಲಿದ್ದು ದುಡಿಯಲು ಕೊಡುವ ಅನುಮತಿಗೆ, ನೀವು ಅರ್ಹರು. 2026ರಲ್ಲಿ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 50,700 ಯೂರೋ. ಜನ ಸಾಲದ ಕ್ಷೇತ್ರಗಳ ಪಟ್ಟಿಯಲ್ಲಿ ಐಟಿ ಇರುವುದರಿಂದ ನಮ್ಮವರಿಗೆ 45,934 ಯೂರೋ ಚಿಲ್ಲರೆ ಸಾಕು. ಈ ಅಂಕಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. ಜರ್ಮನ್ ಸರ್ಕಾರದ ‘ಮೇಕ್ ಇಟ್ ಇನ್ ಜರ್ಮನಿ’ ತಾಣದಲ್ಲಿ ನೋಡಿಕೊಳ್ಳಿ, ಬೇರೆ ಯಾರ ಮಾತನ್ನೂ ನಂಬಬೇಡಿ, ನನ್ನ ಮಾತನ್ನೂ ಅಲ್ಲೇ ತಾಳೆ ನೋಡಿ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 2023ರ ನವೆಂಬರ್ 18ರಿಂದ ಐಟಿ ಕೆಲಸಗಾರರಿಗೆ ಪದವಿ ಇಲ್ಲದೆಯೂ ಬ್ಲೂ ಕಾರ್ಡ್ ಸಿಗುತ್ತದೆ. ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಪದವೀಧರರ ಮಟ್ಟದ ಐಟಿ ಕೆಲಸ ಮಾಡಿರಬೇಕು, ಅದಕ್ಕೆ ಪುರಾವೆ ಇರಬೇಕು. ಡಿಪ್ಲೊಮಾ ಮುಗಿಸಿ ನೇರ ಕೆಲಸಕ್ಕೆ ಸೇರಿ, ಈಗ ಒಳ್ಳೆಯ ಡೆವಲಪರ್ ಆಗಿರುವವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಇದ್ದಾರೆ. ಅವರು ಬಿಇ ಇಲ್ಲ ಅಂತ ಕೈಚೆಲ್ಲಿ ಕೂರಬೇಕಾಗಿಲ್ಲ.

ಹೆಸರು ಮತ್ತು ಪದವಿ: ಇಲ್ಲಿಂದಲೇ ಶುರು ಮಾಡಿ

ಕೆಲಸ ಹುಡುಕುವ ಮೊದಲೇ ಈ ಎರಡನ್ನು ಸರಿಮಾಡಿಕೊಳ್ಳಿ. ಆಮೇಲೆ ಆಫರ್ ಬಂದಾಗ ಇದಕ್ಕೇ ತಿಂಗಳುಗಳು ಹೋಗುತ್ತವೆ.

ಮೊದಲು ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೆರಡು ಇನಿಶಿಯಲ್ ಇರುತ್ತವೆ. ಒಂದು ಊರಿನದ್ದು, ಇನ್ನೊಂದು ಅಪ್ಪನದ್ದು. ಪದವಿ ಪ್ರಮಾಣಪತ್ರದಲ್ಲೂ ಹಾಗೇ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಿರಿ ಅನ್ನುತ್ತಾರೆ, ಆಗ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗದಲ್ಲಿ ಬಂದು ಕೂರುತ್ತದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಆಧಾರ್‌ನಲ್ಲಿ ಮೂರನೇ ರೀತಿ. ನಮಗೆ ಇದೆಲ್ಲ ಒಬ್ಬನೇ ಮನುಷ್ಯ ಅಂತ ಗೊತ್ತು. ಜರ್ಮನಿಯ ಕಚೇರಿಯಲ್ಲಿ ಕೂತವರಿಗೆ ಇವು ಮೂರು ಬೇರೆ ಬೇರೆ ಹೆಸರು.

ಅಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟಿನ ಹೆಸರು. ಸರ್‌ನೇಮ್ ಖಾಲಿ ಇದ್ದರೆ ಈಗಲೇ ಪಾಸ್‌ಪೋರ್ಟ್ ರೀಇಶ್ಯೂಗೆ ಹಾಕಿ ಸರಿಮಾಡಿಸಿ. ಬ್ಯಾಂಕ್, ವಿಮೆ, ಮನೆ ಬಾಡಿಗೆ, ಪ್ರತಿ ಅರ್ಜಿಯಲ್ಲೂ ಕುಟುಂಬದ ಹೆಸರು ಕೇಳುತ್ತಾರೆ. ಅಂಕಪಟ್ಟಿಯ ಹೆಸರು ಬೇರೆ ಇದ್ದರೆ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಅಂತ ಛಾಪಾ ಕಾಗದದ ಮೇಲೆ ಇಂಗ್ಲಿಷ್‌ನಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸಿ ಇಟ್ಟುಕೊಳ್ಳಿ. ರೆಸ್ಯೂಮೆ, ಲಿಂಕ್ಡ್‌ಇನ್, ಆಫರ್, ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ಇರಲಿ.

ಆಮೇಲೆ ಪದವಿ. ಹೊರದೇಶದ ಪದವಿಗಳನ್ನು ಜರ್ಮನಿ ಹೇಗೆ ಕಾಣುತ್ತದೆ ಅನ್ನುವ ಮಾಹಿತಿ ‘ಅನಾಬಿನ್’ ಎಂಬ ಡೇಟಾಬೇಸಿನಲ್ಲಿದೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎರಡು ಕಡೆ ಹುಡುಕಬೇಕು. ಒಂದು, ನಿಮ್ಮ ವಿಶ್ವವಿದ್ಯಾಲಯ. ಅದರ ಮುಂದೆ ‘ಎಚ್ ಪ್ಲಸ್’ (H+), ಅಂದರೆ ಮಾನ್ಯತೆ ಇದೆ ಎಂಬ ಗುರುತು ಇರಬೇಕು. ಇನ್ನೊಂದು, ನಿಮ್ಮ ಪದವಿಯ ಹೆಸರು. ಅದು ಜರ್ಮನ್ ಪದವಿಗೆ ಸಮ ಅಂತ ಅಲ್ಲಿ ನಮೂದಾಗಿರಬೇಕು. ಎರಡೂ ಸಿಕ್ಕರೆ ಆ ಪುಟಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ವೀಸಾ ಅರ್ಜಿಗೆ ಬೇಕು.

ಇಲ್ಲಿ ತುಮಕೂರಿನವರು ಗಮನಿಸಬೇಕಾದ ಸಂಗತಿ ಇದೆ. ಪದವಿ ಕೊಡುವುದು ವಿಶ್ವವಿದ್ಯಾಲಯ, ಕಾಲೇಜಲ್ಲ. ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸ್ವಾಯತ್ತ ಕಾಲೇಜಾದರೂ ಪದವಿ ಬರುವುದು ವಿಟಿಯುದಿಂದ. ಹಾಗಾಗಿ ಅನಾಬಿನ್‌ನಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅಂತ ಹುಡುಕಿ. ವಿಟಿಯು ಶುರುವಾದದ್ದು 1998ರಲ್ಲಿ. ಅದಕ್ಕಿಂತ ಹಿಂದೆ ಓದಿದವರ ಪದವಿ ಬೆಂಗಳೂರು ವಿಶ್ವವಿದ್ಯಾಲಯದ್ದು. ಶ್ರೀ ಸಿದ್ಧಾರ್ಥ ಕಾಲೇಜು ಈಗ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಅಲ್ಲಿ ಓದಿದವರು ತಮ್ಮ ಬ್ಯಾಚಿನ ಪ್ರಮಾಣಪತ್ರದ ಮೇಲೆ ಯಾರ ಹೆಸರಿದೆ ಅಂತ ನೋಡಿ ಅದನ್ನೇ ಹುಡುಕಬೇಕು. ಬಿಸಿಎ, ಬಿಎಸ್ಸಿ ಮಾಡಿದವರದ್ದು ಬಹುಪಾಲು ತುಮಕೂರು ವಿಶ್ವವಿದ್ಯಾಲಯ, ಅದು 2004ರಲ್ಲಿ ಶುರುವಾದದ್ದು.

ಅನಾಬಿನ್‌ನಲ್ಲಿ ಸ್ಪಷ್ಟವಾಗಿ ಸಿಗದಿದ್ದರೆ ಝಡ್‌ಎಬಿ ಎಂಬ ಜರ್ಮನ್ ಸರ್ಕಾರಿ ಕಚೇರಿಯಿಂದ ತುಲನಾ ಪತ್ರ ತರಿಸಬೇಕು. ಶುಲ್ಕ 208 ಯೂರೋ. ನೇರವಾಗಿ ನೀವೇ ಅರ್ಜಿ ಹಾಕಿ. ಪ್ರಾವಿಷನಲ್ ಪ್ರಮಾಣಪತ್ರ ಇಟ್ಟುಕೊಂಡೇ ವರ್ಷ ಕಳೆದವರು ಬಹಳ ಇದ್ದಾರೆ. ಘಟಿಕೋತ್ಸವದ ಮೂಲ ಪದವಿ ಪತ್ರ ಕೈಯಲ್ಲಿ ಇಲ್ಲದಿದ್ದರೆ ಇವತ್ತೇ ವಿಚಾರಿಸಿ.

ರೆಸ್ಯೂಮೆ: ನೀವು ಮಾಡಿದ ಕೆಲಸ ಕಾಣಬೇಕು

ನನಗೆ ಓದಲು ಕಳಿಸುವ ರೆಸ್ಯೂಮೆಗಳಲ್ಲಿ ಹತ್ತಕ್ಕೆ ಎಂಟು ಒಂದೇ ಥರ ಇರುತ್ತವೆ. ಮೇಲೆ ‘ಉದ್ದೇಶ’ ಅಂತ ನಾಲ್ಕು ಸಾಲು. ಕೆಳಗೆ ಹದಿನೈದು ತಂತ್ರಜ್ಞಾನಗಳ ಪಟ್ಟಿ. ಆಮೇಲೆ ಕ್ಲೈಂಟ್ ಕಂಪನಿಯ ವಿವರಣೆ, ಪ್ರಾಜೆಕ್ಟ್ ವಿವರಣೆ. ಕೊನೆಯಲ್ಲಿ ಅಪ್ಪನ ಹೆಸರು, ಹುಟ್ಟಿದ ದಿನ, ‘ಮೇಲಿನದ್ದೆಲ್ಲ ನಿಜ’ ಎಂಬ ಘೋಷಣೆ. ಆ ಮನುಷ್ಯ ಏನು ಮಾಡಿದ ಅನ್ನುವುದು ಮಾತ್ರ ಎಲ್ಲೂ ಸಿಗುವುದಿಲ್ಲ.

ಎರಡು ಪುಟ ಸಾಕು. ಇತ್ತೀಚಿನ ಕೆಲಸ ಮೊದಲು. ಪ್ರತಿ ಕೆಲಸದ ಕೆಳಗೆ ಮೂರು ನಾಲ್ಕು ಸಾಲು, ಪ್ರತಿ ಸಾಲಿನಲ್ಲೂ ಮೂರು ಸಂಗತಿ: ಏನು ತೊಂದರೆ ಇತ್ತು, ನೀವು ಏನು ಮಾಡಿದಿರಿ, ಅದರಿಂದ ಏನು ಬದಲಾಯಿತು. ‘ಪೇಮೆಂಟ್ ಮಾಡ್ಯೂಲ್ ಮೇಲೆ ಕೆಲಸ ಮಾಡಿದ್ದೇನೆ’ ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಪೇಮೆಂಟ್ ವಿಫಲವಾದಾಗ ಗ್ರಾಹಕರ ದುಡ್ಡು ಎರಡು ಸಲ ಕಡಿತವಾಗುತ್ತಿತ್ತು, ಅದನ್ನು ತಡೆಯುವ ವ್ಯವಸ್ಥೆ ಬರೆದೆ, ದೂರುಗಳು ಅರ್ಧಕ್ಕೆ ಇಳಿದವು’ ಅಂದರೆ ಇಂಟರ್‌ವ್ಯೂನಲ್ಲಿ ಕೇಳಲು ಅವರಿಗೆ ಒಂದು ಪ್ರಶ್ನೆ ಸಿಕ್ಕಿತು. ಅಳತೆ ಗೊತ್ತಿದ್ದರೆ ಬರೆಯಿರಿ, ಗೊತ್ತಿಲ್ಲದ ಅಂಕಿ ಹುಟ್ಟಿಸಬೇಡಿ. ಹುಟ್ಟಿಸಿದ ಅಂಕಿ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ.

ಸುಳ್ಳು ಅನುಭವ ಸೇರಿಸುವುದನ್ನಂತೂ ಮನಸ್ಸಿಗೇ ತಂದುಕೊಳ್ಳಬೇಡಿ. ದುಡ್ಡು ಕೊಟ್ಟರೆ ಅನುಭವ ಪತ್ರ ಕೊಡುವ ಕನ್ಸಲ್ಟೆನ್ಸಿಗಳು ಬೆಂಗಳೂರಿನಲ್ಲಿವೆ. ಅಂಥ ಪತ್ರವನ್ನು ವೀಸಾ ಅರ್ಜಿಯಲ್ಲಿ ಇಟ್ಟರೆ ಅದು ದೂತಾವಾಸಕ್ಕೆ ಕೊಟ್ಟ ಖೋಟಾ ದಾಖಲೆ. ಮುಂದಿನ ಎಲ್ಲ ದಾರಿಯೂ ಅಲ್ಲಿಗೆ ಮುಚ್ಚಬಹುದು.

ರೆಸ್ಯೂಮೆಯ ಮೇಲ್ಭಾಗದಲ್ಲೇ ಎರಡು ವಿಷಯ ಹೇಳಿಬಿಡಿ: ಬ್ಲೂ ಕಾರ್ಡ್‌ಗೆ ಅರ್ಹನಿದ್ದೇನೆ, ಪದವಿ ಅನಾಬಿನ್‌ನಲ್ಲಿದೆ ಎಂಬುದು ಒಂದು. ನೋಟಿಸ್ ಅವಧಿ ಎಷ್ಟು ಎಂಬುದು ಇನ್ನೊಂದು. ಭಾರತದಿಂದ ಒಬ್ಬರನ್ನು ಕರೆಸಿಕೊಳ್ಳುವುದು ದೊಡ್ಡ ರಗಳೆ ಅಂತ ಚಿಕ್ಕ ಕಂಪನಿಗಳು ಹೆದರುತ್ತವೆ. ಆ ಹೆದರಿಕೆಯನ್ನು ಒಂದು ಸಾಲಿನಲ್ಲಿ ಕಳೆಯಬಹುದು.

ಗಿಟ್‌ಹಬ್‌ನಲ್ಲಿ ಹತ್ತು ಅರ್ಧಂಬರ್ಧ ಪ್ರಾಜೆಕ್ಟ್‌ಗಳಿಗಿಂತ ಪೂರ್ತಿ ಮಾಡಿದ ಒಂದು ಲೇಸು. ಅದು ಏನು ಮಾಡುತ್ತದೆ, ಹೇಗೆ ನಡೆಸುವುದು ಅಂತ ಚೆನ್ನಾಗಿ ಬರೆದಿರಬೇಕು.

ಕೆಲಸ ಹುಡುಕುವುದು

ಲಿಂಕ್ಡ್‌ಇನ್, ಸ್ಟೆಪ್‌ಸ್ಟೋನ್, ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯ ತಾಣ, ಈ ಮೂರು ಸಾಕು. ಅಲ್ಲಿ ಕೆಲಸ ಕಂಡ ಮೇಲೆ ಅರ್ಜಿಯನ್ನು ಆ ಕಂಪನಿಯ ಸ್ವಂತ ತಾಣದಲ್ಲಿ ಹಾಕಿ. ಜಾಹೀರಾತು ಇಂಗ್ಲಿಷ್‌ನಲ್ಲಿದ್ದರೆ ಕೆಲಸವೂ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಜರ್ಮನ್‌ನಲ್ಲಿ ಬರೆದಿದ್ದು ‘ಬಿ2 ಬೇಕು’ ಅಂದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ (ಭಾಷೆಯ ಮಟ್ಟಗಳು ಎ1ರಿಂದ ಶುರುವಾಗಿ ಎ2, ಬಿ1, ಬಿ2 ಅಂತ ಏರುತ್ತವೆ). ಇಂಗ್ಲಿಷ್‌ನಲ್ಲಿ ನಡೆಯುವ ಸ್ಟಾರ್ಟಪ್‌ಗಳು ಬರ್ಲಿನ್‌ನಲ್ಲಿ ಜಾಸ್ತಿ. ಕಾರು ಮತ್ತು ಯಂತ್ರಗಳ ಸಾಫ್ಟ್‌ವೇರ್ ಬರೆಯುವವರಿಗೆ ಸ್ಟುಟ್‌ಗಾರ್ಟ್, ಮ್ಯೂನಿಕ್. ಬ್ಯಾಂಕ್ ಸಾಫ್ಟ್‌ವೇರ್ ಗೊತ್ತಿದ್ದರೆ ಫ್ರಾಂಕ್‌ಫರ್ಟ್.

ದಿನಕ್ಕೆ ಐವತ್ತು ಕಡೆ ಗುಂಡಿ ಒತ್ತುವುದರಿಂದ ಏನೂ ಆಗದು. ವಾರಕ್ಕೆ ಎಂಟು ಹತ್ತು ಅರ್ಜಿ ಹಾಕಿ, ಪ್ರತಿಯೊಂದಕ್ಕೂ ರೆಸ್ಯೂಮೆಯ ಮೊದಲ ಅರ್ಧ ಪುಟವನ್ನು ಆ ಕೆಲಸಕ್ಕೆ ತಕ್ಕಂತೆ ತಿದ್ದಿ. ಯಾವ ದಿನ ಎಲ್ಲಿಗೆ ಹಾಕಿದೆ, ಏನು ಉತ್ತರ ಬಂತು ಅಂತ ಒಂದು ಶೀಟ್‌ನಲ್ಲಿ ಬರೆದಿಡಿ. ಒಂದು ತಿಂಗಳು ಒಂದು ಕರೆಯೂ ಬರದಿದ್ದರೆ ತೊಂದರೆ ರೆಸ್ಯೂಮೆಯಲ್ಲಿದೆ. ಮೊದಲ ಕರೆ ಬಂದು ಅಲ್ಲೇ ನಿಲ್ಲುತ್ತಿದ್ದರೆ ಮಾತಿನಲ್ಲಿ. ತಾಂತ್ರಿಕ ಸುತ್ತಿನಲ್ಲಿ ನಿಲ್ಲುತ್ತಿದ್ದರೆ ಓದಿನಲ್ಲಿ. ಹೀಗೆ ನೋಡಿದರೆ ಎಲ್ಲಿ ತಿದ್ದಿಕೊಳ್ಳಬೇಕು ಅಂತ ಗೊತ್ತಾಗುತ್ತದೆ. ಆಗಸ್ಟ್‌ನಲ್ಲಿ ಅಲ್ಲಿ ರಜೆ, ಡಿಸೆಂಬರ್ ಮಧ್ಯದಿಂದ ಕ್ರಿಸ್‌ಮಸ್. ಆ ದಿನಗಳಲ್ಲಿ ಉತ್ತರ ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಬೆಂಗಳೂರಿನಲ್ಲೇ ಇನ್ನೊಂದು ದಾರಿ ಇದೆ. ಬಾಷ್, ಎಸ್‌ಎಪಿ, ಸೀಮೆನ್ಸ್, ಮರ್ಸಿಡಿಸ್ ಬೆಂಜ್, ಇವೆಲ್ಲ ಜರ್ಮನ್ ಕಂಪನಿಗಳು, ಇವೆಲ್ಲಕ್ಕೂ ಬೆಂಗಳೂರಿನಲ್ಲಿ ಕಚೇರಿಗಳಿವೆ. ಇಂಥ ಕಡೆ ಒಂದೆರಡು ವರ್ಷ ಚೆನ್ನಾಗಿ ಕೆಲಸ ಮಾಡಿ, ಒಳಗಿನಿಂದಲೇ ಅಲ್ಲಿನ ತಂಡಕ್ಕೆ ಅರ್ಜಿ ಹಾಕುವುದು ನನ್ನ ಪ್ರಕಾರ ಹೆಚ್ಚು ನೆಮ್ಮದಿಯ ದಾರಿ. ನಿಮ್ಮನ್ನು ಗೊತ್ತಿರುವವರು ಅಲ್ಲಿರುತ್ತಾರೆ. ಒಂದು ಎಚ್ಚರಿಕೆ ಬೇಕು. ‘ಐಸಿಟಿ ಕಾರ್ಡ್’ (ಒಂದೇ ಕಂಪನಿಯೊಳಗೆ ಬೇರೆ ದೇಶಕ್ಕೆ ವರ್ಗ ಮಾಡುವಾಗಿನ ಅನುಮತಿ) ಮೇಲೆ ಕಳಿಸಿದರೆ ನೀವು ಭಾರತದ ಕಂಪನಿಯ ನೌಕರರಾಗಿಯೇ ಉಳಿಯುತ್ತೀರಿ, ಗರಿಷ್ಠ ಮೂರು ವರ್ಷ. ಅಲ್ಲೇ ನೆಲೆಸುವ ಆಸೆ ಇದ್ದರೆ ಜರ್ಮನಿಯ ಸ್ಥಳೀಯ ಒಪ್ಪಂದ ಮತ್ತು ಬ್ಲೂ ಕಾರ್ಡ್ ಕೇಳಿ.

‘ಆಪರ್ಚುನಿಟಿ ಕಾರ್ಡ್’ ಬಗ್ಗೆಯೂ ಕೇಳಿರುತ್ತೀರಿ. 2024ರ ಜೂನ್ 1ರಿಂದ ಜಾರಿಯಲ್ಲಿದೆ. ಒಂದು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಪಾರ್ಟ್ ಟೈಮ್ ಕೆಲಸವನ್ನೂ ಮಾಡಬಹುದು. ಆದರೆ ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ, ವರ್ಷಕ್ಕೆ 13,092. ಯೂರೋಗೆ 100 ರೂಪಾಯಿ ಅಂತ ಹಿಡಿದರೂ 13 ಲಕ್ಷ ದಾಟಿತು. ವರ್ಷಕ್ಕೆ 10 ಲಕ್ಷ ಮೀರಿ ಹೊರಗೆ ಕಳಿಸಿದ ಹಣದ ಮೇಲೆ ಬ್ಯಾಂಕಿನವರು 20 ಶೇಕಡಾ ಟಿಸಿಎಸ್ (ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದನ್ನು ರಿಟರ್ನ್‌ನಲ್ಲಿ ವಾಪಸ್ ಪಡೆಯಬೇಕು. ತಿಪಟೂರು, ಗುಬ್ಬಿ ಕಡೆ ತೆಂಗಿನ ತೋಟ, ಅಡಿಕೆ ತೋಟ ಅಡ ಇಟ್ಟು ಈ ದುಡ್ಡು ಹೊಂದಿಸುವ ಮಾತು ಬಂದರೆ ನಾನು ಖಡಾಖಂಡಿತ ಬೇಡ ಅನ್ನುತ್ತೇನೆ. ಇಲ್ಲಿ ಸಂಬಳ ಬರುತ್ತಿರುವಾಗಲೇ, ಇಲ್ಲಿಂದಲೇ ಒಂದು ವರ್ಷ ಸರಿಯಾಗಿ ಪ್ರಯತ್ನಿಸಿ. ಆಗಲೂ ಆಗದಿದ್ದರೆ, ಉಳಿತಾಯದ ದುಡ್ಡಿದ್ದರೆ ಮಾತ್ರ ಆ ಕಾರ್ಡ್ ಬಗ್ಗೆ ಯೋಚಿಸಿ.

ಇಂಟರ್‌ವ್ಯೂ

ಬೇಸಿಗೆಯಲ್ಲಿ ನಾವು ಜರ್ಮನಿಗಿಂತ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ಆ ವಾರ ಸಮಯವನ್ನು ಎರಡು ಸಲ ನೋಡಿಕೊಳ್ಳಿ. ಅವರ ಬೆಳಗಿನ ಹತ್ತು ಗಂಟೆ ನಮ್ಮ ಊಟದ ಹೊತ್ತು, ಹಾಗಾಗಿ ಮನೆಯವರಿಗೆ ಮೊದಲೇ ಹೇಳಿಡಿ. ಕರೆಂಟ್ ಹೋದರೆ ಅಂತ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧ ಇರಲಿ.

ನಮ್ಮವರು ಸೋಲುವುದು ಕೋಡ್ ಬರೆಯುವುದರಲ್ಲಲ್ಲ, ತಮ್ಮ ಬಗ್ಗೆ ಹೇಳಿಕೊಳ್ಳುವುದರಲ್ಲಿ. ನಮ್ಮ ಬೆಳವಣಿಗೆಯೇ ಹಾಗೆ. ‘ನಾನು ಮಾಡಿದೆ’ ಅಂದರೆ ಜಂಬ ಅನ್ನಿಸಬಹುದು ಅಂತ ಎಲ್ಲವನ್ನೂ ‘ನಾವು ಮಾಡಿದ್ವಿ’ ಅನ್ನುತ್ತೇವೆ. ಇಡೀ ತಂಡ ಏನು ಮಾಡಿತು ಅಂತ ಕೇಳಿ ಅವರಿಗೆ ಪ್ರಯೋಜನ ಇಲ್ಲ. ತಂಡದ ಕೆಲಸ ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ‘ಅದರಲ್ಲಿ ನನ್ನ ಪಾಲು ಇದು’ ಅಂತ ನಿಧಾನವಾಗಿ ವಿವರಿಸಿ. ಯಾಕೆ ಆ ದಾರಿ ಹಿಡಿದಿರಿ, ಬೇರೆ ಯಾವ ದಾರಿ ಇತ್ತು, ಅದನ್ನು ಯಾಕೆ ಬಿಟ್ಟಿರಿ, ಇದನ್ನು ಅವರು ಖಂಡಿತ ಕೇಳುತ್ತಾರೆ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಆಮೇಲೆ ‘ಹೀಗೆ ಹುಡುಕುತ್ತಿದ್ದೆ’ ಅಂತ ಸೇರಿಸಿ. ಮ್ಯಾನೇಜರ್ ಹೇಳಿದ್ದು ತಪ್ಪು ಅನ್ನಿಸಿದ ಸಂದರ್ಭದಲ್ಲಿ ಏನು ಮಾಡಿದಿರಿ ಅಂತಲೂ ಕೇಳುತ್ತಾರೆ. ‘ಅಂಥದ್ದು ಬಂದೇ ಇಲ್ಲ’ ಅನ್ನುವ ಉತ್ತರ ಅಲ್ಲಿ ಒಳ್ಳೆಯ ಉತ್ತರ ಅಲ್ಲ. ನಿಜವಾದ ಒಂದು ಪ್ರಸಂಗ ಯೋಚಿಸಿಟ್ಟುಕೊಳ್ಳಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಬಗ್ಗೆ ಅಳುಕು ಇರುತ್ತದೆ, ಅಲ್ವಾ? ಎದುರಿಗೆ ಕೂತವರಿಗೂ ಇಂಗ್ಲಿಷ್ ಮಾತೃಭಾಷೆ ಅಲ್ಲ. ಅವರಿಗೆ ಬೇಕಾದದ್ದು ಸ್ಪಷ್ಟತೆ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ನಿಮ್ಮ ಮೂರು ಪ್ರಾಜೆಕ್ಟ್‌ಗಳ ಬಗ್ಗೆ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಮಾತಾಡಿ. ಇದರಷ್ಟು ಉಪಯೋಗದ ಅಭ್ಯಾಸ ಬೇರೆ ನಾನು ಕಂಡಿಲ್ಲ.

ಆಫರ್ ಬಂದಾಗ

ಅಲ್ಲಿ ಸಂಬಳ ಹೇಳುವುದು ವರ್ಷದ ಲೆಕ್ಕದಲ್ಲಿ, ತೆರಿಗೆ ಮತ್ತು ವಿಮೆ ಕಡಿತವಾಗುವ ಮುಂಚಿನ ಮೊತ್ತ. 60,000 ಯೂರೋ ಅಂದರೆ ಮದುವೆಯಾಗದೆ ಒಬ್ಬರೇ ಇರುವವರ ಕೈಗೆ ತಿಂಗಳಿಗೆ 3,100 ಯೂರೋ ಆಸುಪಾಸು ಬರುತ್ತದೆ. ಆ ಕಡಿತದಲ್ಲಿ ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲ ಸೇರಿವೆ. ರೂಪಾಯಿಗೆ ಗುಣಿಸಿ ಹಿಗ್ಗುವ ಬದಲು ಆ ಊರಿನ ಮನೆ ಬಾಡಿಗೆ ಹಾಕಿ ಲೆಕ್ಕ ನೋಡಿ. ಮ್ಯೂನಿಕ್‌ನ ಬಾಡಿಗೆಗೂ ಲೈಪ್ಜಿಗ್‌ನ ಬಾಡಿಗೆಗೂ ಅಜಗಜಾಂತರ.

ಒಪ್ಪಂದದಲ್ಲಿ ಪ್ರೊಬೇಷನ್ ಎಷ್ಟು ಅಂತ ನೋಡಿ. ಆರು ತಿಂಗಳು ಸಾಮಾನ್ಯ, ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಬಿಡಬಹುದು. ಸಾಗಣೆ ಖರ್ಚು ಕೊಡುವ ಕಂಪನಿಗಳು, ಬೇಗ ಬಿಟ್ಟರೆ ಅದನ್ನು ವಾಪಸ್ ಕೊಡಬೇಕು ಅಂತ ಷರತ್ತು ಹಾಕುತ್ತವೆ. ಅದನ್ನು ಓದಿ ಸಹಿ ಹಾಕಿ. ವೀಸಾ ಬರುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ನಿಮ್ಮ ನೋಟಿಸ್ ಅವಧಿ ಮೂರು ತಿಂಗಳಿದ್ದರೆ ಅದನ್ನೂ ಸೇರಿಸಿ, ವೀಸಾ ಬಂದ ಇಷ್ಟು ದಿನಕ್ಕೆ ಸೇರುತ್ತೇನೆ ಅಂತ ಅವರಿಗೆ ಬಿಡಿಸಿ ಹೇಳಿ. ಬಹಳ ಕಂಪನಿಗಳು ಒಪ್ಪುತ್ತವೆ.

ಏಜೆಂಟರು ಮತ್ತು ಸುಳ್ಳು ಆಫರ್‌ಗಳು

ಈ ಭಾಗವನ್ನು ದಯವಿಟ್ಟು ಅಪ್ಪ ಅಮ್ಮನಿಗೂ ಓದಿ ಹೇಳಿ. ಯಾಕೆಂದರೆ ಏಜೆಂಟರು ಮೊದಲು ಮಾತಾಡುವುದು ಅವರ ಜೊತೆ.

ಭಾರತದ 1983ರ ವಲಸೆ ಕಾಯ್ದೆಯ ಪ್ರಕಾರ, ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಅವರು ಸೇವಾ ಶುಲ್ಕವಾಗಿ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ ಪಡೆಯಬಹುದು, ರಸೀದಿ ಕೊಡಲೇಬೇಕು. ನೋಂದಾಯಿತರ ಪಟ್ಟಿ ‘ಇ-ಮೈಗ್ರೇಟ್’ ತಾಣದಲ್ಲಿದೆ. ‘ಜರ್ಮನಿ ಕೆಲಸ, ಎಂಟು ಲಕ್ಷ, ಅರ್ಧ ಮುಂಗಡ’ ಅನ್ನುವವರು ಆ ಪಟ್ಟಿಯಲ್ಲಿ ಇದ್ದಾರಾ ಅಂತ ನೋಡಿ. ಸಾಫ್ಟ್‌ವೇರ್ ಕೆಲಸಕ್ಕೆ ನನ್ನ ಅಭಿಪ್ರಾಯ ಇನ್ನೂ ನೇರ: ನಿಮಗೆ ಏಜೆಂಟೇ ಬೇಕಾಗಿಲ್ಲ. ಜರ್ಮನ್ ಕಂಪನಿಗಳು ರಿಕ್ರೂಟರ್‌ಗೆ ತಾವೇ ದುಡ್ಡು ಕೊಡುತ್ತವೆ, ಕೆಲಸ ಹುಡುಕುವವರಿಂದ ಕೇಳುವುದಿಲ್ಲ.

ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ, ಮಾಡಿಸಿಕೊಡುತ್ತೇವೆ ಅಂತಲೂ ದುಡ್ಡು ಕೇಳುತ್ತಾರೆ. ಭಾರತದ ಅಪೊಸ್ಟಿಲ್ ಅನ್ನು ಜರ್ಮನಿ ಒಪ್ಪುವುದಿಲ್ಲ. ಬ್ಲೂ ಕಾರ್ಡ್‌ಗೆ ಪದವಿಯ ಪುರಾವೆ ಅನಾಬಿನ್, ಝಡ್‌ಎಬಿ ಮೂಲಕವೇ.

ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಥಾಯ್ಲೆಂಡಿನಲ್ಲಿ ಐಟಿ ಕೆಲಸ, ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಅಂತ ನಂಬಿಸಿ, ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ದು, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳು ನಡೆದಿವೆ. ಐಟಿ ಗೊತ್ತಿರುವ ಯುವಕರೇ ಅವರ ಗುರಿ ಅಂತ 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಹೊರಡಿಸಿತು. ಗುರುತು ಸುಲಭ. ತಾಂತ್ರಿಕ ಇಂಟರ್‌ವ್ಯೂ ಇರುವುದಿಲ್ಲ. ಟೆಲಿಗ್ರಾಂ, ವಾಟ್ಸಾಪ್‌ನಲ್ಲೇ ಎಲ್ಲ ಮುಗಿಯುತ್ತದೆ. ಪ್ರವಾಸಿ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸುತ್ತೇವೆ ಅನ್ನುತ್ತಾರೆ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕರೆಯುವ ಯಾರ ಜೊತೆಯೂ ಒಂದು ಹೆಜ್ಜೆ ಮುಂದೆ ಹೋಗಬೇಡಿ. ಆಫರ್ ಪತ್ರ ಬಂದರೆ ಆ ಕಂಪನಿಯ ತಾಣಕ್ಕೆ ನೀವೇ ಹೋಗಿ, ಅಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ವೀಸಾ ಅರ್ಜಿ

ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಅರ್ಜಿಯನ್ನು ಜರ್ಮನ್ ವಿದೇಶಾಂಗ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ತುಂಬಿ, ಆಮೇಲೆ ಬೆರಳಚ್ಚಿಗೆ, ಮೂಲ ದಾಖಲೆ ತೋರಿಸಲು ಹೋಗಬೇಕು. ಶುಲ್ಕ 75 ಯೂರೋ, ರೂಪಾಯಿಯಲ್ಲಿ ಕಟ್ಟುವುದು.

ಕೆಲಸದ ಒಪ್ಪಂದ, ಕಂಪನಿ ತುಂಬಿ ಕಳಿಸುವ ಉದ್ಯೋಗದ ಘೋಷಣಾ ಪತ್ರ, ಪದವಿ ಪತ್ರ ಮತ್ತು ಅನಾಬಿನ್ ಪುಟಗಳು, ಹಳೆಯ ಕಂಪನಿಗಳ ಅನುಭವ ಪತ್ರ, ರೆಸ್ಯೂಮೆ, ಹೋದ ದಿನದಿಂದ ಕೆಲಸ ಶುರುವಾಗುವವರೆಗಿನ ಆರೋಗ್ಯ ವಿಮೆ, ಇವು ಮುಖ್ಯ. ಘೋಷಣಾ ಪತ್ರದಲ್ಲಿ ಬರೆದ ಸಂಬಳವೂ ಒಪ್ಪಂದದ ಸಂಬಳವೂ ಒಂದೇ ಇದೆಯಾ ಅಂತ ತಾಳೆ ನೋಡಿ. ಪದವಿ ಇಲ್ಲದೆ ಅನುಭವದ ಮೇಲೆ ಹೋಗುವವರು, ‘ಇಂಥವರು ನಮ್ಮಲ್ಲಿ ಇದ್ದರು’ ಅನ್ನುವ ಒಂದು ಸಾಲಿನ ರಿಲೀವಿಂಗ್ ಲೆಟರ್ ನಂಬಿ ಹೋಗಬಾರದು. ಯಾವ ಕೆಲಸ, ಯಾವ ತಂತ್ರಜ್ಞಾನ, ಯಾವ ಜವಾಬ್ದಾರಿ ಅಂತ ವಿವರವಾಗಿ ಬರೆಸಿಕೊಳ್ಳಿ. ಕಂಪನಿ ಬಿಟ್ಟ ಮೇಲೆ ಇದನ್ನು ಬರೆಸುವುದು ಕಷ್ಟ, ಬಿಡುವಾಗಲೇ ಕೇಳಿ.

ಕಂಪನಿಗೆ ಅವಸರ ಇದ್ದರೆ ಅವರು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ (ಹೊರದೇಶದವರ ವಾಸದ ಅನುಮತಿ ನೋಡಿಕೊಳ್ಳುವ ಸರ್ಕಾರಿ ಕಚೇರಿ) 411 ಯೂರೋ ಕಟ್ಟಿ ತ್ವರಿತ ವಿಧಾನದಲ್ಲಿ ಹಾಕಬಹುದು. ಅದನ್ನು ನೀವೇ ನೆನಪಿಸಿ, ಎಷ್ಟೋ ಕಂಪನಿಗಳಿಗೆ ಅದು ಗೊತ್ತಿರುವುದಿಲ್ಲ.

ಗಂಡನೋ ಹೆಂಡತಿಯೋ ಜೊತೆಗೆ ಬರುವುದಾದರೆ, ಬ್ಲೂ ಕಾರ್ಡ್‌ನವರ ಸಂಗಾತಿಗೆ ಜರ್ಮನ್ ಪರೀಕ್ಷೆಯ ಕಡ್ಡಾಯ ಇಲ್ಲ, ಹೋದ ಕೂಡಲೇ ಕೆಲಸವನ್ನೂ ಮಾಡಬಹುದು. ದೇವಸ್ಥಾನದಲ್ಲಿ, ಕಲ್ಯಾಣ ಮಂಟಪದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೆ ಬಿಟ್ಟವರು ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ.

ಹೊರಡುವ ಮೊದಲು ಊರಿನ ಕೆಲಸಗಳು

ಎನ್‌ಆರ್‌ಐ ಆದ ಮೇಲೆ ಭಾರತದಲ್ಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರಸಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ‘ಅಲ್ಲಿ ದುಡಿದು ಇಲ್ಲಿ ನಾಲ್ಕು ಎಕರೆ ತೋಟ ತಗೊಳ್ಳೋಣ’ ಅಂದುಕೊಂಡವರು ಇದನ್ನು ಈಗಲೇ ತಿಳಿದಿರಬೇಕು. ತಾತನ ಹೆಸರಿನಲ್ಲೇ ಪಹಣಿ ಉಳಿದಿದ್ದರೆ, ಪೌತಿ ಖಾತೆ ಆಗದೆ ಬಾಕಿ ಇದ್ದರೆ, ಅಣ್ಣ ತಮ್ಮಂದಿರ ಭಾಗಪತ್ರ ಆಗಬೇಕಿದ್ದರೆ, ನೀವು ಇಲ್ಲಿರುವಾಗಲೇ ಮುಗಿಸಿ. ಬ್ಯಾಂಕ್, ಜಮೀನು, ಮನೆ ಕೆಲಸಗಳಿಗೆ ನಂಬಿಕಸ್ಥರ ಹೆಸರಿಗೆ, ಯಾವ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಬರೆದ ಪವರ್ ಆಫ್ ಅಟಾರ್ನಿ ಮಾಡಿಸಿಡಿ. ಅಲ್ಲಿಂದ ಅದನ್ನು ಮಾಡಿಸುವುದು ಓಡಾಟದ ಕೆಲಸ. ಉಳಿತಾಯ ಖಾತೆಯನ್ನು, ಎನ್‌ಆರ್‌ಐಗಳು ಇಲ್ಲಿನ ಆದಾಯಕ್ಕೆ ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆಗೆ ಬದಲಾಯಿಸಿ, ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಿರಿ. ಅಪ್ಪ ಅಮ್ಮನ ಆರೋಗ್ಯ ವಿಮೆಯನ್ನು ಹೊರಡುವ ಮುಂಚೆ ಮಾಡಿಸಿ. ಕಾಯುವ ಅವಧಿ ಬೇಗ ಶುರುವಾದಷ್ಟೂ ಒಳ್ಳೆಯದು.

ವೀಸಾಕ್ಕೆ ಕಾಯುವ ದಿನಗಳಲ್ಲಿ ಜರ್ಮನ್ ಕಲಿಯಲು ಶುರು ಮಾಡಿ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ಆನ್‌ಲೈನ್ ಪಾಠಗಳು ಉಚಿತ. ಪರೀಕ್ಷೆ, ತರಗತಿ ಬೇಕಾದರೆ ಇಂದಿರಾನಗರದ ಗೋಥೆ ಇನ್‌ಸ್ಟಿಟ್ಯೂಟ್ ಇದೆ. ತುಮಕೂರಿನಿಂದ ಬಸ್ಸಿನಲ್ಲಿ ಬಂದು ಮಾದಾವರದಲ್ಲಿ ಹಸಿರು ಮೆಟ್ರೊ ಹಿಡಿದರೆ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ಅಲ್ಲಿಗೆ ಹೋಗಬಹುದು.

ಹೋದ ಮೇಲೆ

ಮನೆ ನೋಡದೆ ಡಿಪಾಸಿಟ್ ಕಳಿಸಬೇಡಿ. ‘ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿದರೆ ಕೀ ಕೊರಿಯರ್ ಮಾಡುತ್ತೇನೆ’ ಅನ್ನುವವರು ವಂಚಕರು. ಕಾನೂನಿನ ಪ್ರಕಾರ ಡಿಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ. ಮೊದಲ ಒಂದೆರಡು ತಿಂಗಳು ತಾತ್ಕಾಲಿಕ ಮನೆ ಹಿಡಿಯಿರಿ, ಆದರೆ ವಿಳಾಸ ನೋಂದಣಿಗೆ ಮಾಲೀಕರು ಪತ್ರ ಕೊಡುತ್ತಾರಾ ಅಂತ ಮೊದಲೇ ಕೇಳಿ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ನೋಂದಾಯಿಸಬೇಕು. ಅದರಿಂದಲೇ ತೆರಿಗೆ ಸಂಖ್ಯೆ ಬರುತ್ತದೆ.

ಮೊದಲ ಹನ್ನೆರಡು ತಿಂಗಳಲ್ಲಿ ಕಂಪನಿ ಬದಲಾಯಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಕೆಲಸ ಹೋದರೂ ತಕ್ಷಣ ತಿಳಿಸಬೇಕು, ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ ಮೂರು ತಿಂಗಳು ಸಿಗುತ್ತದೆ. ಹನ್ನೆರಡು ತಿಂಗಳು ವಿಮೆ ಕಟ್ಟುವವರೆಗೆ ನಿರುದ್ಯೋಗ ಭತ್ಯೆ ಬರುವುದಿಲ್ಲ. ಹಾಗಾಗಿ ಮೊದಲ ವರ್ಷ ಊರಿಗೆ ದೊಡ್ಡ ಮೊತ್ತ ಕಳಿಸುವ ಮಾತು ಯಾರಿಗೂ ಕೊಡಬೇಡಿ. ಆರು ತಿಂಗಳ ಖರ್ಚು ನಿಮ್ಮ ಖಾತೆಯಲ್ಲಿ ನಿಲ್ಲಲಿ.

ಬ್ಲೂ ಕಾರ್ಡ್‌ನಲ್ಲಿ ಕೆಲಸ ಮಾಡುತ್ತ 27 ತಿಂಗಳಾದ ಮೇಲೆ, ಎ1 ಮಟ್ಟದ ಜರ್ಮನ್ ಇದ್ದರೆ, ಶಾಶ್ವತ ವಾಸದ ಅನುಮತಿಗೆ ಅರ್ಜಿ ಹಾಕಬಹುದು. ಬಿ1 ಪಾಸಾಗಿದ್ದರೆ 21 ತಿಂಗಳಿಗೇ. ಪ್ರೊಬೇಷನ್ ಮುಗಿದ ತಿಂಗಳೇ ಸಂಜೆ ತರಗತಿಗೆ ಸೇರಿ, ಬಿ1 ಪರೀಕ್ಷೆಗೆ ದಿನಾಂಕ ಕಾದಿರಿಸಿ. ಎಷ್ಟೋ ಕಂಪನಿಗಳು ತರಗತಿಯ ಶುಲ್ಕ ಕೊಡುತ್ತವೆ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಅದನ್ನು ಕೇಳಿ ಬರೆಸಿಕೊಳ್ಳಿ.